ಸೋರುವ ಮಾಡು, ಹಾಡುವ ಚಾವಡಿ

ಶಿಶುನಾಳದ ಶರೀಫ ಸಾಹೇಬರು ಮನೆ ಸೋರುವುದನ್ನು ಕುರಿತು ಒಂದು ಹಾಡು ಕಟ್ಟಿದರು. ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಆ ತತ್ವಪದವನ್ನು ಒಮ್ಮೆಯಾದರೂ ಕೇಳದ ಕನ್ನಡಿಗರು ವಿರಳ. 1819ರಲ್ಲಿ ಹುಟ್ಟಿ 1889ರಲ್ಲಿ ಕಣ್ಮರೆಯಾದ ಆ ಸಂತಕವಿ ಮನೆಯೆಂದದ್ದು ದೇಹವನ್ನು, ಸೋರುವುದೆಂದದ್ದು ಬಾಳನ್ನು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಅದು ನಿಜವೇ ಸರಿ. ಆದರೆ ಬೆಳ್ತಂಗಡಿಯ ಕಡೆಯ ಗೃಹಸ್ಥನಿಗೆ ಈ ಹಾಡು ಕಿವಿಗೆ ಬಿದ್ದೊಡನೆ ನೆನಪಾಗುವುದು ದೇಹವೂ ಅಲ್ಲ, ಆತ್ಮವೂ ಅಲ್ಲ; ಅಟ್ಟದ ಮೇಲಿನ ಒಡೆದ ಹಂಚು. ಘಟ್ಟದ ಬುಡದ ಆ ನಾಡಿನಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ. ಅಂಥ ಕಡೆ ಸೋರುವ ಮನೆಗೆ ರೂಪಕವಾಗಿ ನಿಲ್ಲಲು ಪುರುಸೊತ್ತಾದರೂ ಎಲ್ಲಿ?

ಶರೀಫರ ನಾಡಿನ ಮಾಳಿಗೆಗೂ ತುಳುನಾಡಿನ ಮಾಡಿಗೂ ಬಹಳ ಅಂತರ ಉಂಟು. ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿಯ ಆಸುಪಾಸಿನ ಹಳೆಯ ಮನೆಗಳಿಗೆ ಮರದ ತೊಲೆಗಳ ಮೇಲೆ ಮಣ್ಣು ಹಾಕಿ ಗಟ್ಟಿಸಿದ ಸಮತಟ್ಟಾದ ಸೂರು. ಅದೇ ಅಲ್ಲಿಯ ಮಾಳಿಗೆ. ಅಂಥ ಸೂರು ಬೆಳ್ತಂಗಡಿಯಲ್ಲಿ ಒಂದು ಆಷಾಢವನ್ನೂ ದಾಟಲಾರದು. ಇಲ್ಲಿಯದು ಇಳಿಜಾರಾದ ಹಂಚಿನ ಮಾಡು. ನೀರು ನಿಲ್ಲುವುದಕ್ಕೆ ಮೊದಲೇ ಅದನ್ನು ಅಂಗಳಕ್ಕೆ ಅಟ್ಟಿಬಿಡಬೇಕು. ಸೂರು ಬೇರೆಯಾದರೂ ಸೋರುವ ಕಾರಣ ಮಾತ್ರ ಎರಡು ಕಡೆಯೂ ಒಂದೇ: ಸಕಾಲದಲ್ಲಿ ಮೇಲೆ ಹತ್ತಿ ನೋಡುವವರು ಇಲ್ಲದಿರುವುದು. ಅದಕ್ಕಾಗಿಯೇ ಇರಬೇಕು, ಬಯಲುಸೀಮೆಯ ಆ ಹಾಡು ಘಟ್ಟ ಇಳಿದು ಬಂದು ಕರಾವಳಿಯವರಿಗೂ ತಮ್ಮದಾಯಿತು.

ಆ ಹಾಡು ಕಾಲವನ್ನು ದಾಟಿ ಬಂದ ಬಗೆಯೂ ವಿಚಾರಮಾಡತಕ್ಕದ್ದು. ಶರೀಫರು ಯಾವ ರಾಜನ ಆಸ್ಥಾನಕವಿಯೂ ಅಲ್ಲ. ಹಾಡಿದ್ದಕ್ಕೆ ಸಂಬಳ ಪಡೆದವರೂ ಅಲ್ಲ. ಅವರ ಪದಗಳು ಮೊದಲು ಉಳಿದದ್ದು ಹಳ್ಳಿಯ ಭಜನೆಯವರ ನಾಲಗೆಯ ಮೇಲೆ, ಏಕತಾರಿಯ ಒಂದೇ ತಂತಿಯ ಮೇಲೆ. ಅನಂತರ ಸಿ. ಅಶ್ವತ್ಥರ ಕಂಠ ಅವನ್ನು ಮನೆಮನೆಗೆ ಮುಟ್ಟಿಸಿತು. 1990ರಲ್ಲಿ ಟಿ. ಎಸ್. ನಾಗಾಭರಣರು ‘ಸಂತ ಶಿಶುನಾಳ ಶರೀಫ’ ಎಂಬ ಚಲನಚಿತ್ರವನ್ನು ಮಾಡಿದಾಗ ಅದಕ್ಕೂ ಅಶ್ವತ್ಥರದೇ ಸಂಗೀತ. ಮತ್ತೆ 2008ರಲ್ಲಿ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ತಮ್ಮ ಮೊದಲನೆಯ ಹಾಡಿನ ಸಂಪುಟವನ್ನು ಹೊರತಂದಾಗ, ಗಿಟಾರು, ಪಿಟೀಲುಗಳ ನಡುವೆ ಅದೇ ಸೋರುವ ಮನೆ ಹೊಸ ಧಾಟಿಯಲ್ಲಿ ಕಾಣಿಸಿಕೊಂಡಿತು. ಸೂಕ್ಷ್ಮಜೀವಿ ವಿಜ್ಞಾನವನ್ನು ಓದಿ, ಭರತನಾಟ್ಯವನ್ನು ಅಭ್ಯಾಸಮಾಡಿ, ಗಿಟಾರನ್ನು ತಾವಾಗಿಯೇ ಕಲಿತ ಈ ಗಾಯಕರು ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ದೇಶವಿದೇಶಗಳ ವೇದಿಕೆಗಳಲ್ಲಿ ಶರೀಫರನ್ನು ಹಾಡಿದರು. ಕನ್ನಡದ ಒಂದಕ್ಷರವೂ ತಿಳಿಯದವರು ಅದಕ್ಕೆ ತಲೆದೂಗಿದರು.

ಇಂಥವರನ್ನು ಈಗ ಸ್ವತಂತ್ರ ಸಂಗೀತಗಾರರೆಂದು ಕರೆಯುವ ರೂಢಿ. ಚಲನಚಿತ್ರದ ಸನ್ನಿವೇಶಕ್ಕೆ ತಕ್ಕಂತೆ ಹೇಳಿಸಿಕೊಂಡು ಹಾಡು ಕಟ್ಟದೆ, ತಮಗೆ ತೋಚಿದ್ದನ್ನು ತಾವೇ ಕಟ್ಟಿ, ತಾವೇ ಹಾಡಿ, ಊರೂರು ತಿರುಗಿ, ಕೇಳುವವರ ಎದುರು ನಿಂತು ಅನ್ನ ದುಡಿಯುವವರು ಇವರು. ಹೆಸರು ಹೊಸದು, ವೃತ್ತಿ ಹಳೆಯದು. ಹೆಸರಾದ ನಾಲ್ವರಿಗೆ ದೊಡ್ಡ ವೇದಿಕೆ ದೊರೆಯುತ್ತದೆ. ಇನ್ನೂ ಹೆಸರಾಗದವರಿಗೆ ಬೇಕಾದದ್ದು ಸಾವಿರ ಜನದ ಬಯಲಲ್ಲ; ಐವತ್ತು ಅರುವತ್ತು ಜನ ಹತ್ತಿರ ಕುಳಿತು ಮನಸ್ಸಿಟ್ಟು ಕೇಳುವ ಒಂದು ಜಾಗ. ಅದು ಎಲ್ಲಿದೆ?

ಇದಕ್ಕೆ ಉತ್ತರ ಹುಡುಕುವುದಕ್ಕಾಗಿ ವಾಚಕರು ಒಂದು ಮನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಬೆಳ್ತಂಗಡಿಯ ಪೇಟೆ ದಾಟಿ ಚಾರ್ಮಾಡಿಯ ಕಡೆಗೆ ಹೋಗುವಾಗ ಅಡಕೆ ತೋಟಗಳ ನಡುವೆ ಅಂಥ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತವೆ. ಎದುರಿಗೆ ವಿಶಾಲವಾದ ಅಂಗಳ, ನಾಲ್ಕು ಮೆಟ್ಟಲು, ಮೇಲೆ ಉದ್ದನೆಯ ಚಾವಡಿ, ಚಾವಡಿಗೆ ಹಲಸಿನ ಮರದ ಬೋದಿಗೆ ಕಂಬಗಳು, ತಲೆಯ ಮೇಲೆ ಹಲಗೆಯ ಮುಚ್ಚಿಗೆ. ಒಳಗೆ ಕತ್ತಲೆಯ ಕೋಣೆಗಳು, ಹೊಗೆ ಹಿಡಿದ ಅಡುಗೆಮನೆ. ವಾಸಕ್ಕೆ ಇಬ್ಬರು: ಎಪ್ಪತ್ತು ದಾಟಿದ ಯಜಮಾನರು, ಅವರ ಹೆಂಡತಿ. ಮಗ ಬೆಂಗಳೂರಿನಲ್ಲಿ ಎಂಜಿನಿಯರು. ಪ್ರತಿ ಮಳೆಗಾಲವೂ ತಾಯಿ ದೂರವಾಣಿಯಲ್ಲಿ ಹೇಳುವ ಸುದ್ದಿ ಒಂದೇ: ‘ಉಪ್ಪರಿಗೆ ಸೋರುತ್ತದೆ ಮಗಾ.’ ಮಗನ ಉತ್ತರವೂ ಒಂದೇ: ‘ಈ ಬೇಸಗೆಗೆ ಕೆಡವಿಸಿ ತಾರಸಿ ಮನೆ ಕಟ್ಟಿಸಿಬಿಡೋಣ ಅಮ್ಮಾ.’

ಕೆಡವುವ ಮಾತು ಸುಲಭ. ಆದರೆ ಕೆಡವತಕ್ಕದ್ದು ಏನೆಂಬುದನ್ನು ಒಂದು ಕ್ಷಣ ನೋಡಬೇಕು. ಆ ಗೋಡೆ ಮುರಕಲ್ಲಿನದು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವ ವಿಚಿತ್ರ ಕಲ್ಲು ಅದು. ಮಲಬಾರಿನಲ್ಲಿ ಅದನ್ನು ಇಟ್ಟಿಗೆಯಂತೆ ಕಡಿದು ಗೋಡೆ ಕಟ್ಟುವುದನ್ನು ಕಂಡು, ಲ್ಯಾಟಿನಿನ ‘ಇಟ್ಟಿಗೆ’ ಎಂಬ ಶಬ್ದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಅದೇ ಪ್ರವಾಸದಲ್ಲಿ, 1801ರಲ್ಲಿ, ಅವನು ಬೆಳ್ತಂಗಡಿ, ಮೂಡುಬಿದಿರೆಗಳ ದಾರಿಯನ್ನೂ ತುಳಿದನು. ಹೆಸರು ಅವನು ಕೊಟ್ಟದ್ದು. ಕಲ್ಲಿನ ಗುಣ ಇಲ್ಲಿಯವರಿಗೆ ಶತಮಾನಗಳಿಂದ ಗೊತ್ತಿದ್ದದ್ದು. ಮಾಡಿನ ಹಂಚಿಗೂ ಒಂದು ಕಥೆ ಉಂಟು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದೀತೀರದ ಜೇಡಿಮಣ್ಣನ್ನು ಅಚ್ಚಿಗೆ ಒತ್ತಿ ಸುಟ್ಟ ಆ ಹಂಚು ಒಂದಕ್ಕೊಂದು ಕೈ ಹಿಡಿದಂತೆ ಕೂಡಿಕೊಳ್ಳುತ್ತಿತ್ತು. ಹುಲ್ಲಿನ ಸೂರಿನಂತೆ ವರ್ಷವರ್ಷವೂ ಹೊದೆಸಬೇಕಾಗಿಲ್ಲ, ಬೆಂಕಿಯ ಭಯವೂ ಕಡಿಮೆ. ಆ ಹಂಚು ಹಡಗು ಹತ್ತಿ ಹೊರದೇಶಗಳಿಗೂ ಹೋಯಿತು.

ಮರದ ವಿಷಯದಲ್ಲಂತೂ ಈ ನಾಡಿನವರಿಗೆ ಪಾಠ ಹೇಳಬೇಕಾದದ್ದಿಲ್ಲ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಮಂದಿ ನಾರಿಯರು ಕೂಡಿ ಒಂದು ಆನೆಯಾಗುತ್ತಾರೆ; ಐವರು ಕೂಡಿ ಒಂದು ಕುದುರೆಯಾಗುತ್ತಾರೆ. 1430ರಲ್ಲಿ ಕಟ್ಟತೊಡಗಿದ ಅಲ್ಲಿಯ ಸಾವಿರ ಕಂಬದ ಬಸದಿಯನ್ನು ನೋಡಿದರೂ ಸಾಕು: ಕೆಳಗೆ ಕಲ್ಲಿನ ಕಂಬಗಳ ಕಾಡು, ಮೇಲೆ ಇಳಿಜಾರಾದ ಮಾಡು, ಮೇಲಂತಸ್ತಿಗೆ ಮರ, ಮರಕ್ಕೆ ತಾಮ್ರದ ಹೊದಿಕೆ. ದೇವರ ಮನೆಯಾದರೂ ಮಳೆಗೆ ವಿನಾಯಿತಿ ಇಲ್ಲವೆಂದು ಆ ಕಾಲದ ಶಿಲ್ಪಿಗಳು ತಿಳಿದಿದ್ದರು. ಅದೇ ಮೂಡುಬಿದಿರೆಯ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ವನ್ನು ಬರೆದದ್ದು ಸಾಂಗತ್ಯದಲ್ಲಿ, ಓದುವುದಕ್ಕಿಂತ ಹಾಡುವುದಕ್ಕೆ ಒಗ್ಗುವ ಛಂದಸ್ಸು ಅದು. ಹಾಡೂ ಮನೆಯೂ ಈ ನೆಲದಲ್ಲಿ ಬಹುಕಾಲದ ನೆರೆಹೊರೆಯವು.

ಹಾಗಾದರೆ ಇಂಥ ಮನೆಗಳು ಹಾಳಾದದ್ದು ಹೇಗೆ? ಮಳೆಯನ್ನು ಬಯ್ದು ಪ್ರಯೋಜನವಿಲ್ಲ. ದೊಡ್ಡ ಮನೆ ನಿಂತದ್ದು ಗೇಣಿಯ ಅಕ್ಕಿಯ ಮೇಲೆ. 1974ರ ಭೂಸುಧಾರಣೆಯ ಕಾಯಿದೆ ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿತು. ಅದು ನ್ಯಾಯ, ತಲೆಮಾರುಗಳಿಂದ ಕೆಸರಿನಲ್ಲಿ ನಿಂತವರಿಗೆ ಸಲ್ಲಬೇಕಾದದ್ದು ಸಂದಿತು. ಆದರೆ ಅದರೊಡನೆ ದೊಡ್ಡ ಮನೆಯ ಮಾಡನ್ನು ಪ್ರತಿವರ್ಷ ಕೈಯಾಡಿಸುವ ಆಳುಕಾಳುಗಳೂ ಹೋದರು, ಅದಕ್ಕೆ ತೆರುವ ಅಕ್ಕಿಯೂ ಹೋಯಿತು. ಮೇಲೆ ಪಾಲುಪಟ್ಟಿಯ ವ್ಯಾಜ್ಯ. ಅದರ ಮೇಲೆ ಮುಂಬಯಿ, ಬೆಂಗಳೂರು, ದುಬೈಗಳ ಸೆಳೆತ. ಮನೆಯಲ್ಲಿ ಉಳಿದವರು ವೃದ್ಧರು. ಏಣಿ ಇಟ್ಟು ಮಾಡು ಹತ್ತುವ ವಯಸ್ಸು ಅವರದಲ್ಲ.

ಹಳೆಯ ಮನೆಯ ಗುಣಗಾನ ಮಾಡುವವರು ಒಂದು ಮಾತನ್ನು ಮರೆಯುತ್ತಾರೆ. ಅದನ್ನು ನೆನಪಿಸಿದವರು ಈ ಮನೆಯ ತಾಯಿಯೇ. ಮಗನ ಗೆಳೆಯನೊಬ್ಬ ಬೆಂಗಳೂರಿನಿಂದ ಬಂದವನು ಕಂಬಗಳನ್ನು ತಡವಿ, ಮುಚ್ಚಿಗೆಯನ್ನು ನೋಡಿ, ‘ಎಂಥ ಚೆಂದದ ಮನೆ! ಇದನ್ನು ಕೆಡಹುವುದುಂಟೆ?’ ಎಂದು ಉದ್ಗರಿಸಿದನು. ಆಕೆ ನಗುತ್ತಲೇ ಹೇಳಿದಳು: ‘ಚೆಂದ ಅಂತ ಹೇಳುವವರು ಇದನ್ನು ಗುಡಿಸುವವರಲ್ಲ. ರಾತ್ರಿ ಎದ್ದರೆ ಬಚ್ಚಲಿಗೆ ಅಂಗಳ ದಾಟಿ ಹೋಗಬೇಕು. ನಡುಮನೆಯಲ್ಲಿ ಹಗಲಲ್ಲೂ ದೀಪ. ಐವತ್ತು ವರ್ಷ ಈ ಹೊಗೆ ಕುಡಿದವಳು ನಾನು.’ ಗೆಳೆಯನು ಮಾತು ನಿಲ್ಲಿಸಿದನು. ಮಗನೂ ತಲೆ ತಗ್ಗಿಸಿದನು. ಹಳೆಯ ಮನೆಯನ್ನು ಉಳಿಸಬೇಕೆನ್ನುವ ಯಾವ ವಾದವಾದರೂ ಮೊದಲು ಈ ತಾಯಿಗೆ ಉತ್ತರ ಕೊಡಬೇಕು. ಕೊಡಲಾರದಿದ್ದರೆ ಕೆಡಹುವುದೇ ಲೇಸು.

ಅಷ್ಟರಲ್ಲಿ ಮರದ ವ್ಯಾಪಾರಿ ಬಂದು ಹೋಗಿದ್ದನು. ಕಂಬಕ್ಕೆ ಇಷ್ಟು, ಬಾಗಿಲಿಗೆ ಇಷ್ಟು, ಮುಚ್ಚಿಗೆಯ ಹಲಗೆಗೆ ಇಷ್ಟು ಎಂದು ಬೆರಳು ಮಡಿಚಿ ಲೆಕ್ಕ ಹೇಳಿದ್ದನು. ಹೀಗೆ ಕಿತ್ತ ಕಂಬಗಳು ಎಲ್ಲೋ ದೂರದ ಹೋಟೆಲಿನ ಮೊಗಸಾಲೆಯಲ್ಲಿ ಎಣ್ಣೆ ಬಳಿಸಿಕೊಂಡು ಹೊಳೆಯುತ್ತ, ಏನನ್ನೂ ಹೊರದೆ ನಿಂತುಕೊಳ್ಳುತ್ತವೆ. ಇದನ್ನು ಕಂಡು ಮರುಗಿದವರು ಕರಾವಳಿಯಲ್ಲಿ ಇಲ್ಲದಿಲ್ಲ. ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕಿನ ನೌಕರರಾಗಿದ್ದವರು. ಸಂಗೀತದ ಹುಚ್ಚಿನಿಂದ ಸಭೆ ಕಟ್ಟಿ ಹಿಂದೂಸ್ತಾನಿ ಗಾಯಕರನ್ನು ಕರಾವಳಿಗೆ ಬರಮಾಡಿದವರು. ಅವರಿಗೆ ಎರಡನೆಯ ಹುಚ್ಚು ಹಿಡಿದದ್ದು ಹಳೆಯ ಮನೆಗಳದು. ಬಿಚ್ಚಿ ಮಾರಲಿದ್ದ ಮನೆಗಳನ್ನು ತಂದು, ಕಂಬಕ್ಕೆ ಕಂಬ, ಹಲಗೆಗೆ ಹಲಗೆ ಗುರುತು ಹಾಕಿ, ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಕಾರ್ಕಳದ ಬಳಿಯ ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ, ಹರ್ಕೂರಿನ ಒಳಗಿನ ಮನೆ, ಎಲ್ಲವೂ ಅಲ್ಲಿ ಇಂದಿಗೂ ಇವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಅವರ ಋಣ ಕರಾವಳಿಯ ಮೇಲೆ ಉಳಿದಿದೆ. ಸಂಗೀತವನ್ನು ಪ್ರೀತಿಸಿದ ಕಿವಿ, ಮನೆಯನ್ನು ಉಳಿಸಿದ ಕೈ ಎರಡೂ ಒಬ್ಬನವೇ ಆದದ್ದು ಆಕಸ್ಮಿಕವಾಗಿರಲಾರದು. ಆದರೆ ಪ್ರತಿಯೊಂದು ಮನೆಗೂ ಒಬ್ಬ ಶೆಣೈ ಎಲ್ಲಿಂದ ಬರಬೇಕು? ಅಲ್ಲದೆ ಸಂಗ್ರಹಾಲಯವನ್ನು ಸೇರಿದ ಮನೆಯಲ್ಲಿ ಒಲೆ ಉರಿಯದು, ಮಗು ಅಳದು. ಉಳಿದ ಮನೆಗಳು ತಾವು ನಿಂತಲ್ಲಿಯೇ, ಜನ ಬಾಳುತ್ತಿರುವಾಗಲೇ ಉಳಿಯಬೇಕು.

ಆ ದಾರಿಯನ್ನು ತೋರಿಸಿದವನು ಎಂಜಿನಿಯರು ಮಗನಲ್ಲ, ಊರಿನ ಆಚಾರಿ. ಮಾಡು ಹತ್ತಿ ಇಳಿದವನು ಮೊದಲು ಕೈಯೊರಸಿಕೊಂಡನು. ಆಮೇಲೆ ಹೇಳಿದನು: ‘ಧನಿಗಳೇ, ಹೋದದ್ದು ಮಾಡಲ್ಲ. ಪಕ್ಕಾಸಿನ ತುದಿ ಮಾತ್ರ. ಹನ್ನೆರಡು ಪಕ್ಕಾಸು, ಸ್ವಲ್ಪ ರೀಪು. ಹಲಸಿನ ತಿರುಳಿಗೆ ಗೆದ್ದಲು ಇನ್ನೂ ಬಾಯಿ ಹಾಕಿಲ್ಲ.’ ಕೊಳೆತ ತುದಿಯನ್ನಷ್ಟೇ ಕೊಯ್ದು, ಹೊಸ ಮರದ ತುಂಡನ್ನು ಕಚ್ಚು ಹಾಕಿ ಜೋಡಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರೆ ಮತ್ತೊಂದು ತಲೆಮಾರಿಗೆ ಚಿಂತೆಯಿಲ್ಲವೆಂಬುದು ಅವನ ತೀರ್ಪು. ಹಂಚನ್ನೆಲ್ಲ ಇಳಿಸಿ, ಪಾಚಿ ತಿಕ್ಕಿ ತೊಳೆದು, ಬೆರಳ ಗಿಣ್ಣಿನಿಂದ ಬಡಿದು ನೋಡಿದರು. ಕಣಕಣ ಎಂದದ್ದು ಮಾಡಿಗೆ, ಬಡಕಲು ಸದ್ದಿನದು ದಾರಿಯ ಹೊಂಡಕ್ಕೆ. ಒಡೆದದ್ದಕ್ಕೆ ಬದಲು ಹೊಸ ಹಂಚು ಕೊಳ್ಳಬೇಕಾಗಲಿಲ್ಲ. ನೆರೆಯ ಊರಿನಲ್ಲಿ ಕೆಡವಿದ ಶಾಲೆಯೊಂದರ ಹಂಚು ಅದೇ ಅಚ್ಚಿನದು ದೊರೆಯಿತು.

ಗೋಡೆಯ ಕಥೆ ಬೇರೆ. ಮೂವತ್ತು ವರ್ಷದ ಕೆಳಗೆ, ಕೆಳಗೋಡೆಯಲ್ಲಿ ತೇವ ಏರುತ್ತದೆಂದು ಯಜಮಾನರು ಮೊಳಕಾಲೆತ್ತರಕ್ಕೆ ಸಿಮೆಂಟು ಬಳಿಸಿದ್ದರು. ತೇವ ನಿಲ್ಲಲಿಲ್ಲ, ಸೊಂಟದೆತ್ತರಕ್ಕೆ ಏರಿತು. ಅವರು ಇನ್ನಷ್ಟು ಸಿಮೆಂಟು ಬಳಿಸಿದರು. ತೇವ ಎದೆಯೆತ್ತರಕ್ಕೆ ಬಂದಿತು. ಕಾರಣ ಸರಳವಾದದ್ದು. ಮುರಕಲ್ಲು ತೂತುತೂತಾದ ಕಲ್ಲು. ನೆಲದಿಂದ ಹೀರಿದ ನೀರನ್ನು ಅದು ಮೈಯಿಂದ ಆವಿಯಾಗಿ ಬಿಡಬೇಕು. ಸುಣ್ಣದ ಗಾರೆ ಆ ಆವಿಗೆ ದಾರಿ ಕೊಡುತ್ತದೆ. ಸಿಮೆಂಟು ಬಾಗಿಲು ಹಾಕಿಬಿಡುತ್ತದೆ. ದಾರಿ ಸಿಕ್ಕದ ನೀರು ಮೇಲೇರದೆ ಏನು ಮಾಡೀತು? ಆದುದರಿಂದ ಸಿಮೆಂಟನ್ನು ಉಳಿಯಿಂದ ಎಬ್ಬಿಸಿ, ಒಂದು ಬೇಸಗೆ ಗೋಡೆಯನ್ನು ಬತ್ತಲೆ ಬಿಟ್ಟು ಒಣಗಿಸಿದರು. ಚಿಪ್ಪುಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರಸಿ, ಬೆಲ್ಲದ ನೀರು ಹಾಕಿ ಅರೆದು ಗಾರೆ ಮಾಡಿದರು. ಗಾರೆಗೆ ಅವಸರ ಹಿಡಿಸದು. ತೆಳ್ಳಗೆ ಬಳಿಯಬೇಕು, ಕಾಯಬೇಕು, ಮತ್ತೆ ಬಳಿಯಬೇಕು.

ಈ ಕಾಯುವಿಕೆಗೆ ಮನೆಯ ಆಚೆಗೂ ಬೆಲೆಯುಂಟು. ಸಿಮೆಂಟು ತಯಾರಿಸಲು ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಬೇಯಿಸಬೇಕು. ಮನುಷ್ಯರು ಪ್ರಪಂಚದಲ್ಲೆಲ್ಲ ಗಾಳಿಗೆ ಬಿಡುವ ಇಂಗಾಲಾಮ್ಲದ ನೂರರಲ್ಲಿ ಏಳೆಂಟು ಪಾಲು ಈ ಒಂದೇ ಉದ್ಯಮದ್ದು. ಸುಣ್ಣಕ್ಕೂ ಬೆಂಕಿ ಬೇಕು, ಅದೂ ಇಂಗಾಲಾಮ್ಲವನ್ನು ಬಿಡುತ್ತದೆ. ಆದರೆ 900 ಡಿಗ್ರಿಯ ಆಸುಪಾಸು ಸಾಕು, ಮತ್ತು ಗೋಡೆಯ ಮೇಲೆ ಗಟ್ಟಿಯಾಗುವಾಗ ಅದು ಬಿಟ್ಟದ್ದರಲ್ಲಿ ಒಂದು ಪಾಲನ್ನು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಉಳಿತಾಯವೆಂದರೆ ನಿಂತ ಗೋಡೆಯನ್ನು ಕೆಡವದಿರುವುದು. ಅದನ್ನು ಕಟ್ಟಲು ಸುರಿದ ಬೆವರೂ ಸುಟ್ಟ ಕಟ್ಟಿಗೆಯೂ ಆಗಲೇ ಖರ್ಚಾಗಿ ಹೋಗಿವೆ. ಕೆಡವಿದರೆ ಎರಡನೆಯ ಸಲ ತೆರಬೇಕು.

ತಾಯಿಗೆ ಕೊಡಬೇಕಾದ ಉತ್ತರವೂ ಈ ಕೆಲಸದೊಳಗೇ ದೊರೆಯಿತು. ಬಚ್ಚಲೂ ಶೌಚಗೃಹವೂ ಮನೆಯೊಳಗೆ ಬಂದವು. ನಡುಮನೆಯ ಮಾಡಿನಲ್ಲಿ ನಾಲ್ಕು ಗಾಜಿನ ಹಂಚುಗಳನ್ನು ಕೂರಿಸಿದಾಗ, ಐವತ್ತು ವರ್ಷದಿಂದ ದೀಪದಲ್ಲಿ ಅಕ್ಕಿ ಆರಿಸಿದಾಕೆ ಹಗಲ ಬೆಳಕಿನಲ್ಲಿ ಕುಳಿತು ಆರಿಸಿದಳು. ಅಡುಗೆಮನೆಗೆ ಹೊಗೆ ಹೋಗುವ ದಾರಿಯೂ ಗಾಳಿ ಬರುವ ಕಿಟಕಿಯೂ ಆದವು. ಮಗನಿಗೆ ತನ್ನ ಎಂಜಿನಿಯರಿಂಗಿಗೂ ಒಂದು ಕೆಲಸ ಸಿಕ್ಕಿತು. ನೂರು ಚದರ ಮೀಟರು ಮಾಡಿನ ಮೇಲೆ 4000 ಮಿಲಿಮೀಟರು ಮಳೆ ಬಿದ್ದರೆ ಅದು ನಾಲ್ಕು ಲಕ್ಷ ಲೀಟರು ನೀರು! ಅಷ್ಟೂ ಅಂಗಳದಲ್ಲಿ ಹರಿದು ಹೊಳೆ ಸೇರುತ್ತಿತ್ತು. ಈ ತಾಲೂಕಿನವರು 2019ರ ಮೇ ತಿಂಗಳನ್ನು ಮರೆತಿಲ್ಲ: ನೇತ್ರಾವತಿ ಬತ್ತಿ, ಯಾತ್ರೆಯನ್ನು ಕೆಲವು ದಿನ ಮುಂದೂಡಬೇಕೆಂದು ಧರ್ಮಸ್ಥಳದಿಂದ ಭಕ್ತರಿಗೆ ವಿನಂತಿ ಹೋಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ತಾಲೂಕಿನಲ್ಲಿ ಗುಡ್ಡ ಜರಿದು, ಹೊಳೆಗಳು ಉಕ್ಕಿ, ತೋಟಗಳೂ ಮನೆಗಳೂ ಕೊಚ್ಚಿಹೋದವು. ಮೂರೇ ತಿಂಗಳ ಅಂತರ. ಮಾಡಿನ ನೀರನ್ನು ದೋಣಿ ಕಟ್ಟಿ ಸೋಸಿ ಬಾವಿಯ ಬುಡಕ್ಕೆ ಇಳಿಸಿದ ಮಾತ್ರಕ್ಕೆ ಪ್ರವಾಹ ನಿಲ್ಲದು. ಆದರೆ ಒಂದು ಬಾವಿಗೆ ಏಪ್ರಿಲಿನ ಧೈರ್ಯ ಬರುತ್ತದೆ.

ಎರಡು ಬೇಸಗೆ ಹಿಡಿಯಿತು. ಖರ್ಚು ಕಡಿಮೆಯೇನೂ ಆಗಲಿಲ್ಲ. ಆದರೆ ಹಣ ಹೋದದ್ದು ಸಿಮೆಂಟು ಕಬ್ಬಿಣಗಳ ಅಂಗಡಿಗಲ್ಲ. ಆಚಾರಿಗೆ, ಗಾರೆಯವನಿಗೆ, ಹಂಚು ತೊಳೆದ ಹೆಂಗಸರಿಗೆ. ಮನೆ ನೆಟ್ಟಗಾಯಿತು. ಆಗ ಯಜಮಾನರಿಗೆ ಒಂದು ಸಂಶಯ ಬಂದಿತು. ಇರುವವರು ಇಬ್ಬರು, ಇಷ್ಟುದ್ದದ ಚಾವಡಿ ಯಾತಕ್ಕೆ? ಬಳಸದ ಚಾವಡಿಗೆ ಗೆದ್ದಲು ಮೊದಲು ಬರುತ್ತದೆ.

ಉತ್ತರ ಮಳೆಗಾಲದಲ್ಲಿ ತಾನಾಗಿ ಮೆಟ್ಟಲು ಹತ್ತಿ ಬಂದಿತು. ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಮತ್ತೆ ಗೆಜ್ಜೆ ಕಟ್ಟುವುದು ಮಳೆ ತೀರಿದ ಮೇಲೆ. ನಡುವಿನ ತಿಂಗಳುಗಳಲ್ಲಿ ಕೆಲವು ಕಲಾವಿದರು ಕೂಡಿ ಚಿಕ್ಕಮೇಳ ಕಟ್ಟಿಕೊಳ್ಳುತ್ತಾರೆ. ಒಬ್ಬ ಭಾಗವತ, ಒಂದು ಮದ್ದಳೆ, ಒಂದು ಶ್ರುತಿಪೆಟ್ಟಿಗೆ, ಇಬ್ಬರು ವೇಷಧಾರಿಗಳು. ಮುಸ್ಸಂಜೆಯಲ್ಲಿ ಮನೆಮನೆಗೆ ಹೋಗಿ, ಚಾವಡಿಯಲ್ಲಿ ದೀಪದ ಮುಂದೆ ಒಂದು ಪ್ರಸಂಗದ ತುಣುಕನ್ನು ಆಡಿತೋರಿಸಿ, ಅಕ್ಕಿ, ತೆಂಗಿನಕಾಯಿ, ಕಾಣಿಕೆ ಪಡೆದು ಮುಂದಿನ ಮನೆಗೆ ನಡೆಯುತ್ತಾರೆ. ಬಹುಕಾಲ ಮುಚ್ಚಿದ್ದ ಚಾವಡಿಯಲ್ಲಿ ಅಂದು ಚಿಕ್ಕಮೇಳದ ಮದ್ದಳೆ ನುಡಿದಾಗ ಮಗನಿಗೆ ಹೊಳೆಯಿತು. ಸ್ವತಂತ್ರ ಗಾಯಕರಿಗೆ ಸಣ್ಣ ವೇದಿಕೆ ಬೇಕೆಂದು ಬೆಂಗಳೂರಿನಲ್ಲಿ ಗೆಳೆಯರು ಚರ್ಚೆ ಮಾಡುತ್ತಿದ್ದರು. ಇಲ್ಲಿ ಅದು ಎಂದಿನಿಂದಲೋ ನಡೆದುಬಂದಿತ್ತು.

ಮುಂದಿನ ಆಟಿ ತಿಂಗಳಲ್ಲಿ ಒಬ್ಬ ತರುಣ ಗಾಯಕ ಬಂದನು. ಕೈಯಲ್ಲಿ ಗಿಟಾರು, ಜೊತೆಗೆ ದಮ್ಮಡಿ ಬಡಿಯುವ ಒಬ್ಬ ಸಂಗಾತಿ. ಮೈಕಾಸುರನಿಗೆ ಆಮಂತ್ರಣವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇದನ್ನು ಯಾರಾದರೂ ಪರೀಕ್ಷಿಸಬಹುದು. ತಾರಸಿಯ ಬರಿಗೋಡೆಯ ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯುತ್ತದೆ. ಒಂದು ಮಾತು ಮುಗಿಯುವ ಮೊದಲೇ ಹಿಂದಿನ ಮಾತಿನ ಬಾಲ ಬಂದು ತಾಗುತ್ತದೆ. ಹಂಚಿನ ಮಾಡು, ಹಲಗೆಯ ಮುಚ್ಚಿಗೆ, ಒಂದು ಬದಿಗೆ ತೆರೆದ ಅಂಗಳ ಇರುವ ಚಾವಡಿಯಲ್ಲಿ ಅದೇ ಚಪ್ಪಾಳೆ ಒಂದೇ ಸಲ ಕೇಳಿ ಅಡಗುತ್ತದೆ. ಹಾಡಿನ ಪ್ರತಿಯೊಂದು ಅಕ್ಷರವೂ ಕೊನೆಯ ಚಾಪೆಯವರೆಗೆ ಬಿಡಿಬಿಡಿಯಾಗಿ ಮುಟ್ಟುತ್ತದೆ. ತತ್ವಪದಕ್ಕೆ ಬೇಕಾದದ್ದು ಅಷ್ಟೇ ಅಲ್ಲವೆ?

ಅರುವತ್ತು ಜನ ಸೇರಿದ್ದರು. ಕಂಬದ ಬುಡದಲ್ಲಿ ಹಿತ್ತಾಳೆಯ ಹರಿವಾಣ ಇಟ್ಟಿತ್ತು. ಮನಸ್ಸು ಬಂದಷ್ಟು ಹಾಕಬಹುದು. ಹಾಡುವವನು ಹಣಕ್ಕೆ ಕೈಯೊಡ್ಡಬಾರದು, ಕೇಳುವವನು ಬಿಟ್ಟಿ ಎದ್ದುಹೋಗಬಾರದು ಎಂಬುದು ಯಜಮಾನರ ಕಟ್ಟಳೆ. ಮೊದಮೊದಲು ಹುಡುಗರು ಸಿನಿಮಾ ಹಾಡಿಗಾಗಿ ಕೂಗಿದರು. ಗಾಯಕನು ನಕ್ಕು ತನ್ನ ಹಾಡನ್ನೇ ಹಾಡಿದನು. ಎರಡನೆಯ ಹಾಡಿಗೆ ಕೂಗು ನಿಂತಿತು. ಮೂರನೆಯದಕ್ಕೆ ಹುಡುಗರ ಕೈಯ ದೂರವಾಣಿಗಳು ಒಂದೊಂದಾಗಿ ಜೇಬು ಸೇರಿದವು. ಗೊತ್ತಿಲ್ಲದ ಹಾಡನ್ನು ಕೇಳುವ ಸುಖ ಅಲ್ಲಿಂದ ಮುಂದೆ. ಮುಂದಿನ ಸಾಲು ಏನೆಂದು ಯಾರಿಗೂ ತಿಳಿಯದು, ಆದುದರಿಂದ ಯಾರೂ ಕಿವಿ ಬೇರೆಡೆಗೆ ಕೊಡುವಂತಿಲ್ಲ. ಹಾಡುವವನಿಗೂ ಕೇಳುವವರ ಮುಖ ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮತ್ತೆ ಎತ್ತಿಕೊಳ್ಳಬೇಕು ಎಂಬುದನ್ನು ಆ ಮುಖಗಳೇ ಹೇಳುತ್ತವೆ. ತಟ್ಟೆಯಲ್ಲಿ ಮುದ್ರಿಸಿದ ಹಾಡಿನಲ್ಲಿ ಇದೊಂದು ಇರುವುದಿಲ್ಲ.

ಅಂಗಳದಲ್ಲಿ, ಮಳೆಗೆ ಇಳಿಸಿದ ಚಪ್ಪರದ ಅಂಚಿನಲ್ಲಿ, ಒಬ್ಬಳು ಮುದುಕಿ ನಿಂತಿದ್ದಳು. ಈ ಮನೆಯ ಗದ್ದೆಗಳಲ್ಲಿ ನೇಜಿ ನೆಟ್ಟವಳು. ಆಕೆಯ ತಾಯಿಯೂ ನೆಟ್ಟವಳು. ಭತ್ತ ತುಂಬಿದ ಮುಡಿಗಳನ್ನು ಅಂಗಳದವರೆಗೆ ಹೊತ್ತು ತಂದು ಇಳಿಸಿದ್ದುಂಟು. ಚಾವಡಿಯ ನಾಲ್ಕು ಮೆಟ್ಟಲು ಹತ್ತಿದ್ದಿಲ್ಲ. ಹತ್ತಬಾರದೆಂದು ಈಗ ಯಾರೂ ಹೇಳುವುದಿಲ್ಲ. ಹತ್ತು ಎಂದೂ ಯಾರೂ ಹೇಳಿರಲಿಲ್ಲ. ಹಳೆಯ ಮನೆಯನ್ನು ದುರಸ್ತಿಮಾಡುವವರು ಗಾರೆ ಬಳಿಯುವಾಗ ಈ ಬಿರುಕನ್ನೂ ಕಾಣಬೇಕು. ಇಲ್ಲವಾದರೆ ಕಂಬಗಳೊಡನೆ ಕಂಬದ ನೆರಳಿನ ದರ್ಪವೂ ಉಳಿದುಹೋಗುತ್ತದೆ. ಮನೆಯ ತಾಯಿ ಎದ್ದು ಕೆಳಗಿಳಿದಳು. ‘ಅಲ್ಲಿ ಯಾಕೆ ನೆನೆಯುತ್ತಿ ಮಾರಾಯ್ತಿ, ಬಾ ಮೇಲೆ’ ಎಂದು ಕೈಹಿಡಿದು ಕರೆತಂದು, ಬೋದಿಗೆ ಕಂಬಕ್ಕೆ ಒರಗಿಸಿ ತನ್ನ ಪಕ್ಕದಲ್ಲಿಯೇ ಕೂರಿಸಿಕೊಂಡಳು. ಯಜಮಾನರು ಒಮ್ಮೆ ಅತ್ತ ನೋಡಿದರು. ಏನೂ ಹೇಳದೆ ತಮ್ಮ ಚಾಪೆಯನ್ನು ತುಸು ಸರಿಸಿ ಜಾಗ ಮಾಡಿದರು.

ಕೊನೆಗೆ ಗಾಯಕನು ಶರೀಫರ ಸೋರುವ ಮನೆಯನ್ನು ಎತ್ತಿಕೊಂಡನು. ಹೊರಗೆ ಆಟಿಯ ಮಳೆ ಹಂಚಿನ ಮೇಲೆ ಧೋ ಎಂದು ಸುರಿಯುತ್ತಿತ್ತು. ದಮ್ಮಡಿಗೂ ಮಳೆಗೂ ಹೇಗೋ ತಾಳ ಕೂಡಿಬಂದು, ಜನ ಮೈಮರೆತು ಕೈ ತಟ್ಟತೊಡಗಿದರು. ಆಗ ಮುದುಕಿ ತಲೆಯೆತ್ತಿ ಮುಚ್ಚಿಗೆಯನ್ನು ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು: ‘ಅಮ್ಮಾ, ಇಲ್ಲಿ ಸೋರುತ್ತದೆ!’

ಚಾವಡಿಗೆ ಚಾವಡಿಯೇ ನಕ್ಕಿತು. ಗಾಯಕನೂ ನಕ್ಕು, ಹಾಡನ್ನು ಅಲ್ಲಿಯೇ ಒಂದು ಸುತ್ತು ತಿರುಗಿಸಿ ಮತ್ತೆ ಮೊದಲಿನಿಂದ ಹಾಡಿದನು. ತಾಯಿ ಒಳಗಿನಿಂದ ಒಂದು ಚೆಂಬು ತಂದು ಹನಿಯ ಕೆಳಗೆ ಇಟ್ಟಳು. ಅದೂ ತಾಳಕ್ಕೆ ಸೇರಿಕೊಂಡಿತು. ಇಷ್ಟೆಲ್ಲ ಖರ್ಚು ಮಾಡಿಯೂ ಸೋರಿತೇ ಎಂದು ಯಜಮಾನರ ಮುಖ ಬಾಡಿತ್ತು. ಆಚಾರಿ ಮಾತ್ರ ಅಲುಗಲಿಲ್ಲ. ‘ಹಂಚೊಂದು ಸರಿದಿರಬೇಕು ಧನಿಗಳೇ, ಮಂಗನ ಕೆಲಸ. ಹಂಚಿನ ಮಾಡು ಅಂದರೆ ಹಾಗೆಯೇ; ವರ್ಷಕ್ಕೊಮ್ಮೆ ಮಾತಾಡಿಸದಿದ್ದರೆ ಅದಕ್ಕೆ ಸಿಟ್ಟು’ ಎಂದನು.

ಮರುದಿನ ಮಳೆ ಹೊಳವಾದಾಗ ಮಗ ಬೆಂಗಳೂರಿನ ಬಸ್ಸಿಗೆ ಹೊರಡುವ ಮುನ್ನ ಏಣಿ ಇಟ್ಟು ತಾನೇ ಮಾಡು ಹತ್ತಿದನು. ಕೆಳಗೆ ಏಣಿ ಹಿಡಿದು ನಿಂತವಳು ತಾಯಿ. ಎಡಕ್ಕೆ, ಇನ್ನೂ ಎಡಕ್ಕೆ ಎಂದು ಅಂಗಳದಿಂದ ಕೈತೋರಿದವಳು ಆ ಮುದುಕಿ. ಎಲ್ಲಿ ಸೋರುತ್ತದೆಂಬುದು ಈಗ ಅವಳಿಗೆ ಗೊತ್ತಿತ್ತು. ಅವಳು ಅದರ ಕೆಳಗೆ ಕುಳಿತಿದ್ದಳು.